ನಿಂಬೆ ಕರ್ಡ್, ಕಸ್ಟರ್ಡ್ ಮತ್ತು ಹಣ್ಣಿನ ಟಾರ್ಟ್: ತಳ ಮೆತ್ತಗಾಗದಂತೆ ಮನೆಯಲ್ಲೇ ಮಾಡುವ ಕ್ರಮ

ಹಣ್ಣಿನ ಟಾರ್ಟ್ ಒಂದೇ ತಿನಿಸಿನಂತೆ ಕಂಡರೂ ಅದರಲ್ಲಿ ಮೂರು ಬೇರೆ ಬೇರೆ ಅಡುಗೆಗಳಿವೆ. ಬೆಣ್ಣೆ ಬಿಸ್ಕತ್ತಿನಂತೆ ಬಾಯಲ್ಲಿ ಪುಡಿಯಾಗುವ ಮೈದಾದ ಕವಚ ಮೊದಲನೆಯದು. ಬೇಕರಿಯವರು ಇದನ್ನು ಶೆಲ್ ಎನ್ನುತ್ತಾರೆ. ಹುಳಿಯೂ ಸಿಹಿಯೂ ಬೆರೆತ ನಿಂಬೆ ಕರ್ಡ್ ಎರಡನೆಯದು, ಹಾಲಿನ ಕಸ್ಟರ್ಡ್ ಮೂರನೆಯದು. ಇವೆಲ್ಲದರ ಮೇಲೆ ಹಣ್ಣು ಕೂರುತ್ತದೆ. ಕವಚ ಒಣಗಿ ಗರಿಗರಿಯಾಗಿರಬೇಕು, ಆದರೆ ಅದರೊಳಗೆ ನಾವು ತುಂಬುವುದೆಲ್ಲವೂ ನೀರಿನ ಅಂಶವುಳ್ಳದ್ದು. ಬೆಳಗಿನಿಂದ ಸಂಜೆಯವರೆಗೆ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತ ಟಾರ್ಟ್ ಚಹಾದಲ್ಲಿ ಅದ್ದಿದ ರಸ್ಕಿನಂತಾಗುವುದು ಈ ಕಾರಣಕ್ಕೇ. ಮನೆಯಲ್ಲಿ ಮಾಡುವವರಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ಜೋಡಿಸಿಕೊಳ್ಳುವ ಅನುಕೂಲವಿದೆ, ಮತ್ತು ಮುಂದೆ ಹೇಳುವ ಬಹುಪಾಲು ಎಚ್ಚರಿಕೆಗಳು ಆ ಒಂದು ತಳವನ್ನು ಒಣಗಿಸಿ ಇಡುವುದಕ್ಕೆ ಸಂಬಂಧಿಸಿದವು.

ಇಲ್ಲಿ ಕರ್ಡ್ ಎಂದರೆ ಮೊಸರಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನಿಂಬೆರಸ, ಸಕ್ಕರೆ, ಮೊಟ್ಟೆ ಮತ್ತು ಬೆಣ್ಣೆಯನ್ನು ಮಂದ ಶಾಖದಲ್ಲಿ ಕಾಯಿಸಿ ಗಟ್ಟಿ ಮಾಡುವ, ಇಂಗ್ಲಿಷರು ಬ್ರೆಡ್ಡಿಗೆ ಸವರಿಕೊಳ್ಳುವ ಹೂರಣವಿದು. ಕವಚ ಮತ್ತು ಕಸ್ಟರ್ಡ್ ಫ್ರೆಂಚ್ ಅಡುಗೆಯಿಂದ ಬಂದವು. ಅಲ್ಲಿ ಇವನ್ನು ಪಾತ್ ಸುಕ್ರೆ, ಕ್ರೆಮ್ ಪಾತಿಸಿಯೇರ್ ಎಂದು ಕರೆಯುತ್ತಾರೆ. ಎರಡು ದೇಶಗಳ ಈ ಮೂರು ಪಾಕಗಳನ್ನು ಬೆಂಗಳೂರಿನ ಸಾಧಾರಣ ಓಟಿಜಿ ಓವನ್‌ನಲ್ಲಿ, ನಮ್ಮ ಸಂತೆಯಲ್ಲಿ ಸಿಗುವ ನಿಂಬೆಹಣ್ಣಿನಿಂದ ಚೆನ್ನಾಗಿಯೇ ಮಾಡಬಹುದು.

ಸಾಮಾನು ಮತ್ತು ಅಳತೆ

ಇಲ್ಲಿ ಕೊಟ್ಟಿರುವ ಅಳತೆ 23 ಸೆಂಟಿಮೀಟರ್ ಅಗಲ, 2.5 ಸೆಂಟಿಮೀಟರ್ ಎತ್ತರದ, ತಳ ಬಿಚ್ಚಿ ಬರುವ ಟಾರ್ಟ್ ಟಿನ್ನಿಗೆ ಸರಿಹೋಗುತ್ತದೆ ಮತ್ತು 8ರಿಂದ 10 ಜನರಿಗೆ ಸಾಕಾಗುತ್ತದೆ. ಕವಚಕ್ಕೆ 200 ಗ್ರಾಂ ಮೈದಾ, 110 ಗ್ರಾಂ ಉಪ್ಪಿಲ್ಲದ ಬೆಣ್ಣೆ, 70 ಗ್ರಾಂ ಸಕ್ಕರೆ ಪುಡಿ, ಕಾಲು ಟೀ ಚಮಚ ಉಪ್ಪು, ಒಂದು ಮೊಟ್ಟೆಯ ಹಳದಿ, ಒಂದರಿಂದ ಎರಡು ದೊಡ್ಡ ಚಮಚ ತಣ್ಣೀರು ಬೇಕು. ಕರ್ಡ್‌ಗೆ 100 ಮಿಲಿಲೀಟರ್ ನಿಂಬೆರಸ, ಮೂರು ನಿಂಬೆಹಣ್ಣಿನ ಹೊರಸಿಪ್ಪೆಯ ತುರಿ, 130 ಗ್ರಾಂ ಸಕ್ಕರೆ, ಎರಡು ಇಡೀ ಮೊಟ್ಟೆ, ಮತ್ತೆರಡು ಮೊಟ್ಟೆಯ ಹಳದಿ, 80 ಗ್ರಾಂ ಬೆಣ್ಣೆ. ಕಸ್ಟರ್ಡ್‌ಗೆ 350 ಮಿಲಿಲೀಟರ್ ಗಟ್ಟಿ ಹಾಲು, ಮೂರು ಮೊಟ್ಟೆಯ ಹಳದಿ, 70 ಗ್ರಾಂ ಸಕ್ಕರೆ, 30 ಗ್ರಾಂ ಕಾರ್ನ್‌ಫ್ಲೋರ್, 20 ಗ್ರಾಂ ಬೆಣ್ಣೆ, ಒಂದು ಟೀ ಚಮಚ ವೆನಿಲಾ ಎಸೆನ್ಸ್. ಒಟ್ಟು ಎಂಟು ಮೊಟ್ಟೆಗಳು ಖರ್ಚಾಗಿ ಆರರ ಬಿಳಿ ಉಳಿಯುತ್ತದೆ. ಒಂದನ್ನು ಕವಚಕ್ಕೆ ಸವರಲು ತೆಗೆದಿಟ್ಟು ಉಳಿದದ್ದನ್ನು ಮರುದಿನದ ಆಮ್ಲೆಟ್‌ಗೆ ಬಳಸಿಕೊಳ್ಳಬಹುದು.

ಲೋಟ, ಬಟ್ಟಲುಗಳ ಲೆಕ್ಕದಲ್ಲಿ ಈ ಅಡುಗೆಗೆ ಇಳಿಯಬಾರದು. ಒಂದು ಬಟ್ಟಲು ಮೈದಾವನ್ನು ಒತ್ತಿ ತುಂಬಿದಾಗಿನ ತೂಕವೇ ಬೇರೆ, ಸಡಿಲವಾಗಿ ತುಂಬಿದಾಗಿನ ತೂಕವೇ ಬೇರೆ. ಇಪ್ಪತ್ತು ಮೂವತ್ತು ಗ್ರಾಂ ಹೆಚ್ಚಾದರೂ ಕವಚ ಗಡುಸಾಗುತ್ತದೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯೊಂದು, ಪಾಕದಲ್ಲಿ ಅದ್ದಿ ನೋಡುವ ಥರ್ಮಾಮೀಟರ್ ಒಂದು, ಓವನ್ನಿನೊಳಗೆ ಇಡುವ ಥರ್ಮಾಮೀಟರ್ ಒಂದು ಇದ್ದರೆ ಅರ್ಧ ಕೆಲಸ ಮುಗಿದಂತೆ. ನನ್ನ ಓವನ್ನಿನ ಗುಂಡಿ 180 ಡಿಗ್ರಿ ತೋರಿಸುವಾಗ ಒಳಗೆ 205 ಇರುತ್ತಿತ್ತು. ಎರಡು ವರ್ಷ ಕವಚದ ಅಂಚು ಕಪ್ಪಾಗಿ ನಡು ಹಸಿಯಾಗಿ ಉಳಿಯುತ್ತಿದ್ದುದರ ಕಾರಣ ಥರ್ಮಾಮೀಟರ್ ತಂದ ದಿನವೇ ತಿಳಿಯಿತು. ಪಾಕದ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸಬಹುದು, ಆದರೆ ಮಂಗಳೂರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 97ರ ಆಸುಪಾಸಿನಲ್ಲೇ ಕುದಿಯುತ್ತದೆ ಎಂಬುದು ನೆನಪಿರಲಿ.

ಬೆಣ್ಣೆಯ ವಿಚಾರದಲ್ಲಿ ಒಂದು ಮಾತು. ಅಂಗಡಿಯ ಬೆಣ್ಣೆಯಲ್ಲಿ ಸುಮಾರು ಶೇಕಡ 80ರಷ್ಟು ಕೊಬ್ಬು ಇರುತ್ತದೆ, ಉಳಿದದ್ದು ಹೆಚ್ಚಾಗಿ ನೀರು. ಮನೆಯಲ್ಲಿ ಕಡೆದು ತೆಗೆದ ಬೆಣ್ಣೆಯಲ್ಲಿ ನೀರು ಇನ್ನೂ ಹೆಚ್ಚು, ಮಜ್ಜಿಗೆಯ ಹುಳಿಯೂ ಇರುತ್ತದೆ. ಅದನ್ನೇ ಬಳಸುವುದಾದರೆ ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಹಿಂಡಿ, ತೆಳು ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು.

ಹಿಂದಿನ ಸಂಜೆ: ಹಿಟ್ಟು ಮತ್ತು ಕಸ್ಟರ್ಡ್

ಕೆಲಸವನ್ನು ಎರಡು ದಿನಕ್ಕೆ ಹಂಚಿಕೊಳ್ಳುವುದು ಒಳ್ಳೆಯದು. ಅಗಲವಾದ ಪಾತ್ರೆಯಲ್ಲಿ ಮೈದಾ, ಸಕ್ಕರೆ ಪುಡಿ, ಉಪ್ಪನ್ನು ಜರಡಿ ಹಿಡಿದು, ಫ್ರಿಜ್ಜಿನಿಂದ ಆಗತಾನೇ ತೆಗೆದ ಬೆಣ್ಣೆಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಹಾಕಿ, ಬೆರಳ ತುದಿಗಳಿಂದ ಮಾತ್ರ ಉಜ್ಜುತ್ತಾ ಹೋಗಬೇಕು. ಅಂಗೈ ತಗುಲಿದರೆ ಅದರ ಬಿಸಿಗೆ ಬೆಣ್ಣೆ ಕರಗುತ್ತದೆ. ಮಿಶ್ರಣ ಸಣ್ಣ ರವೆಯಂತಾಗಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳು ತಾಗಿದರೆ ಮತ್ತೆ ಪುಡಿಯಾದಾಗ ಮೊಟ್ಟೆಯ ಹಳದಿಯನ್ನು ಒಂದು ಚಮಚ ತಣ್ಣೀರಿನೊಂದಿಗೆ ಕಲಸಿ ಹಾಕಬೇಕು. ಹಿಟ್ಟು ಕೂಡಿಬರದಿದ್ದರೆ ಮಾತ್ರ ಇನ್ನೊಂದು ಚಮಚ ನೀರು ಸೇರಿಸಬೇಕು. ಚಪಾತಿ ಹಿಟ್ಟನ್ನು ನಾದುವ ಅಭ್ಯಾಸವುಳ್ಳ ಕೈಗೆ ಇಲ್ಲಿ ಸುಮ್ಮನಿರುವುದು ಕಷ್ಟ. ನಾದಿದಷ್ಟೂ ಮೈದಾದಲ್ಲಿ ಜಿಗುಟು ಬೆಳೆದು ಕವಚ ಓವನ್ನಿನಲ್ಲಿ ಕುಗ್ಗುತ್ತದೆ, ತಿನ್ನುವಾಗ ಅಗಿಯಬೇಕಾಗುತ್ತದೆ. ಹಿಟ್ಟು ಒಂದುಗೂಡಿದೊಡನೆ ನಿಲ್ಲಿಸಿ, ಚಪ್ಪಟೆ ಬಿಲ್ಲೆ ಮಾಡಿ, ಮುಚ್ಚಿ ಒಂದು ಗಂಟೆ ಫ್ರಿಜ್ಜಿನಲ್ಲಿಡಬೇಕು.

ತಣಿದ ಬಿಲ್ಲೆಯನ್ನು ಎರಡು ಬಟರ್ ಪೇಪರ್‌ಗಳ ನಡುವೆ ಇಟ್ಟು ಲಟ್ಟಣಿಗೆಯಿಂದ 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಬೇಕು. ಕಾಗದದ ನಡುವೆ ಲಟ್ಟಿಸುವುದರಿಂದ ಒಣಹಿಟ್ಟು ಉದುರಿಸುವ ಅಗತ್ಯ ಬೀಳುವುದಿಲ್ಲ. ಏಪ್ರಿಲ್ ತಿಂಗಳ ಸೆಖೆಯಲ್ಲಿ, ಅದರಲ್ಲೂ ಕರಾವಳಿಯ ಅಡುಗೆಮನೆಗಳಲ್ಲಿ, ಅರ್ಧ ಲಟ್ಟಿಸುವಷ್ಟರಲ್ಲೇ ಹಿಟ್ಟು ಮೆತ್ತಗಾಗಿ ಕಾಗದಕ್ಕೆ ಅಂಟುತ್ತದೆ. ಆಗ ಹಟ ಮಾಡದೆ ಕಾಗದದ ಸಮೇತ ಹತ್ತು ನಿಮಿಷ ಫ್ರಿಜ್ಜಿಗೆ ಹಿಂದಿರುಗಿಸಬೇಕು. ಹಾಳೆಯನ್ನು ಟಿನ್ನಿಗೆ ಹೊದಿಸುವಾಗ ಎಳೆಯಬಾರದು, ಏಕೆಂದರೆ ಎಳೆದ ಹಿಟ್ಟು ಬೇಯುವಾಗ ಮೊದಲಿನ ಜಾಗಕ್ಕೇ ಮರಳುತ್ತದೆ. ಅಂಚನ್ನು ಒಂದು ಕೈಯಿಂದ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ತಳ ಮತ್ತು ಗೋಡೆ ಕೂಡುವ ಮೂಲೆಗೆ ಹಿಟ್ಟನ್ನು ಇಳಿಬಿಡುತ್ತಾ ಸುತ್ತಬೇಕು. ಮೇಲೆ ಮಿಕ್ಕದ್ದನ್ನು ಕತ್ತರಿಸಿ, ಆ ತುಣುಕುಗಳನ್ನು ಎಸೆಯದೆ ತೆಗೆದಿಡಬೇಕು. ಬಿರುಕು ಬಿಟ್ಟರೆ ತೇಪೆಗೆ ಅವು ಬೇಕಾಗುತ್ತವೆ. ತಳವನ್ನು ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು.

ಹಿಟ್ಟು ತಣಿಯುವ ಬಿಡುವಿನಲ್ಲೇ ಕಸ್ಟರ್ಡ್ ಮಾಡಿ ಮುಗಿಸಬಹುದು. ದಪ್ಪ ತಳದ ಪಾತ್ರೆಯಲ್ಲಿ ಹಾಲನ್ನು ಅರ್ಧ ಸಕ್ಕರೆಯೊಂದಿಗೆ ಹಬೆಯಾಡುವವರೆಗೆ ಕಾಯಿಸಿ, ಇನ್ನೊಂದು ಪಾತ್ರೆಯಲ್ಲಿ ಹಳದಿ, ಉಳಿದ ಸಕ್ಕರೆ ಮತ್ತು ಕಾರ್ನ್‌ಫ್ಲೋರನ್ನು ಗಂಟಿಲ್ಲದಂತೆ ಕಲಕಿಕೊಳ್ಳಬೇಕು. ಮೊಟ್ಟೆಯ ಹಳದಿಯ ಮೇಲೆ ಸಕ್ಕರೆ ಸುರಿದು ಕಲಕದೆ ಬಿಟ್ಟರೆ ಸಕ್ಕರೆ ಅದರ ನೀರನ್ನು ಹೀರಿ ಗಟ್ಟಿ ಹರಳುಗಳಾಗಿಸುತ್ತದೆ, ಅವು ಮತ್ತೆ ಕರಗುವುದಿಲ್ಲ. ಬಿಸಿ ಹಾಲನ್ನು ಸೌಟು ಸೌಟಾಗಿ ಹಳದಿಗೆ ಹಾಕುತ್ತಾ ಕಲಕಿ, ಎಲ್ಲವನ್ನೂ ಹಾಲಿನ ಪಾತ್ರೆಗೆ ಮರಳಿಸಿ, ಮಧ್ಯಮ ಉರಿಯಲ್ಲಿ ಕೈ ನಿಲ್ಲಿಸದೆ ತಿರುವಬೇಕು.

ಬಹಳ ಜನ ಇಲ್ಲಿ ಹೆದರಿ ಬೇಗ ಇಳಿಸಿಬಿಡುತ್ತಾರೆ. ಕಸ್ಟರ್ಡ್ ಗಟ್ಟಿಯಾದ ಕೂಡಲೇ ಒಲೆ ಆರಿಸಿದರೆ ಅದು ಬೆಳಗಿನ ಹೊತ್ತಿಗೆ ನೀರಾಗಿರುತ್ತದೆ. ಮೊಟ್ಟೆಯ ಹಳದಿಯಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವವಿದೆ. ಅದು ನಾಶವಾಗಬೇಕಾದರೆ ಕಸ್ಟರ್ಡ್ ನಿಜವಾಗಿ ಕುದಿಯಬೇಕು. ರಾಗಿ ಅಂಬಲಿ ಕುದಿಯುವಾಗ ದಪ್ಪ ಗುಳ್ಳೆಗಳು ನಿಧಾನವಾಗಿ ಎದ್ದು ಒಡೆಯುತ್ತವಲ್ಲ, ಹಾಗೆ ಗುಳ್ಳೆ ಎದ್ದ ಮೇಲೆ ಪೂರ್ತಿ ಒಂದೂವರೆ ನಿಮಿಷ ತಿರುವಬೇಕು. ಕಾರ್ನ್‌ಫ್ಲೋರ್ ಇರುವುದರಿಂದ ಮೊಟ್ಟೆ ಒಡೆಯುವುದಿಲ್ಲ. ಇಳಿಸಿ, ಬೆಣ್ಣೆ ಮತ್ತು ವೆನಿಲಾ ಬೆರೆಸಿ, ಜರಡಿಯಲ್ಲಿ ಸೋಸಿ, ಕೆನೆಗಟ್ಟದಂತೆ ಪ್ಲಾಸ್ಟಿಕ್ ಹಾಳೆಯನ್ನು ಕಸ್ಟರ್ಡಿನ ಮೈಗೇ ತಾಗುವಂತೆ ಹೊದಿಸಿ, ಬಿಸಿ ಆರಿದ ಮೇಲೆ ಫ್ರಿಜ್ಜಿನಲ್ಲಿಡಬೇಕು.

ಮರುದಿನ ಬೆಳಿಗ್ಗೆ: ಕವಚವನ್ನು ಬೇಯಿಸುವುದು

ಹೂರಣ ತುಂಬುವ ಮೊದಲು ಕವಚವನ್ನು ಬರಿದಾಗಿ ಬೇಯಿಸುವುದಕ್ಕೆ ಬ್ಲೈಂಡ್ ಬೇಕಿಂಗ್ ಎನ್ನುತ್ತಾರೆ. ಓವನ್ನಿನ ಮೇಲಿನ ಮತ್ತು ಕೆಳಗಿನ ಎರಡೂ ಕಾಯಿಲ್‌ಗಳನ್ನು ಹಾಕಿ 180 ಡಿಗ್ರಿಗೆ ಕನಿಷ್ಠ 15 ನಿಮಿಷ ಕಾಯಿಸಬೇಕು. ಟಿನ್ನನ್ನು ಫ್ರಿಜ್ಜಿನಿಂದ ಫ್ರೀಜರಿಗೆ ಬದಲಾಯಿಸಿ 20 ನಿಮಿಷ ಗಟ್ಟಿ ಮಾಡಿಕೊಂಡರೆ ಗೋಡೆಗಳು ಜಾರುವುದಿಲ್ಲ. ಬಟರ್ ಪೇಪರನ್ನು ಮುದ್ದೆ ಮಾಡಿ, ಬಿಡಿಸಿ, ಮೂಲೆಮೂಲೆಗೂ ಕೂರುವಂತೆ ಕವಚದೊಳಗೆ ಹಾಸಿ, ಅದರ ಮೇಲೆ ಒಣ ಕಡಲೆಕಾಳನ್ನೋ ರಾಜ್ಮಾವನ್ನೋ ಅಂಚಿನವರೆಗೆ ತುಂಬಬೇಕು. ತಳದಲ್ಲಷ್ಟೇ ಒಂದು ಹಿಡಿ ಹರಡಿದರೆ ಪ್ರಯೋಜನವಿಲ್ಲ, ಗೋಡೆಗೂ ಆಸರೆ ಬೇಕು. ಹೀಗೆ ಒಮ್ಮೆ ಬಿಸಿ ಕಂಡ ಕಾಳು ಸಾರಿಗೆ ಬೇಯುವುದಿಲ್ಲ, ಆದರೆ ಡಬ್ಬಿಯಲ್ಲಿಟ್ಟರೆ ಇದೇ ಕೆಲಸಕ್ಕೆ ವರ್ಷಗಟ್ಟಲೆ ಬರುತ್ತದೆ.

ಕೆಳಗಿನ ಹಲಗೆಯಲ್ಲಿ 20 ನಿಮಿಷ ಬೇಯಿಸಿ, ಕಾಗದ ಮತ್ತು ಕಾಳನ್ನು ಎಚ್ಚರಿಕೆಯಿಂದ ಎತ್ತಿ ತೆಗೆದಾಗ ತಳ ಇನ್ನೂ ಮಂಕಾಗಿ, ಹಸಿಯಾಗಿ ಕಾಣುತ್ತದೆ. ಬಿರುಕು ಕಂಡರೆ ತೆಗೆದಿಟ್ಟ ತುಣುಕನ್ನು ತೆಳ್ಳಗೆ ಒತ್ತಿ ಮುಚ್ಚಬೇಕು. ಟಿನ್ನನ್ನು ಹಿಂದುಮುಂದಾಗಿ ತಿರುಗಿಸಿ ಇನ್ನೂ 10ರಿಂದ 12 ನಿಮಿಷ ಬೇಯಿಸಿದರೆ ತಳ ಬಿಸ್ಕತ್ತಿನ ಹೊಂಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಬಿಳಚಿಕೊಂಡಿರುವಾಗಲೇ ತೆಗೆಯುವುದು ದೊಡ್ಡ ತಪ್ಪು, ಏಕೆಂದರೆ ಹೂರಣ ತುಂಬಿದ ಮೇಲೆ ತಳಕ್ಕೆ ಮತ್ತೆ ಸರಿಯಾಗಿ ಬೇಯುವ ಅವಕಾಶವೇ ಸಿಗುವುದಿಲ್ಲ. ಬಣ್ಣ ಬಂದ ಮೇಲೆ, ನೊರೆ ಬರದಂತೆ ಕಲಕಿದ ಮೊಟ್ಟೆಯ ಬಿಳಿಯನ್ನು ಬ್ರಷ್ಷಿನಿಂದ ಒಳಮೈಗೆಲ್ಲ ತೆಳುವಾಗಿ ಸವರಿ ಎರಡು ನಿಮಿಷ ಓವನ್ನಿಗೆ ಹಿಂದಿರುಗಿಸಬೇಕು. ಅದು ಒಣಗಿ ಹೊಳಪಿನ ಪೊರೆಯಾಗಿ ಫೋರ್ಕಿನ ತೂತುಗಳನ್ನೂ ಕಣ್ಣಿಗೆ ಕಾಣದ ಬಿರುಕುಗಳನ್ನೂ ಮುಚ್ಚುತ್ತದೆ. ನಂತರ ಕವಚ ಟಿನ್ನಿನಲ್ಲೇ ಪೂರ್ತಿ ತಣಿಯಲಿ.

ನಿಂಬೆ ಕರ್ಡ್

ಪಾಶ್ಚಾತ್ಯ ಪಾಕವಿಧಾನಗಳು ಹೇಳುವ ಲೆಮನ್ ದಪ್ಪ ಸಿಪ್ಪೆಯ ದೊಡ್ಡ ಹಣ್ಣು. ನಾವು ದಿನವೂ ಹಿಂಡುವ, ವಿಜಯಪುರ ಜಿಲ್ಲೆಯ ಇಂಡಿ ಸೀಮೆಯಲ್ಲಿ ಹೇರಳವಾಗಿ ಬೆಳೆಯುವ ತೆಳುಸಿಪ್ಪೆಯ ನಿಂಬೆ ಅದರ ಸೋದರಸಂಬಂಧಿ ಮಾತ್ರ. ಇದರ ಹುಳಿ ಹೆಚ್ಚು ತೀಕ್ಷ್ಣ, ಪರಿಮಳ ಬೇರೆ. ಸಿಪ್ಪೆ ಎಷ್ಟು ತೆಳುವೆಂದರೆ ತುರಿಮಣೆಯನ್ನು ಎರಡನೆಯ ಬಾರಿ ಅದೇ ಜಾಗದಲ್ಲಿ ಎಳೆದರೆ ಕಹಿಯಾದ ಬಿಳಿ ಪದರ ಬಂದುಬಿಡುತ್ತದೆ. ಆದ್ದರಿಂದ ಪೂರ್ತಿ ಹಳದಿಯಾದ, ಕೈಗೆ ಭಾರವಾದ ಹಣ್ಣುಗಳನ್ನು ಆರಿಸಿ, ತೊಳೆದು ಒರೆಸಿ, ಹಿಂಡುವ ಮೊದಲೇ ಸಣ್ಣ ಕಣ್ಣಿನ ತುರಿಮಣೆಯಲ್ಲಿ ಹಗುರವಾಗಿ ತುರಿದುಕೊಳ್ಳಬೇಕು. 100 ಮಿಲಿಲೀಟರ್ ರಸಕ್ಕೆ ಗಾತ್ರ ನೋಡಿಕೊಂಡು ಐದರಿಂದ ಎಂಟು ಹಣ್ಣು ಬೇಕಾಗಬಹುದು. ಗಜನಿಂಬೆ ಸಿಕ್ಕರೆ ಅದರ ದಪ್ಪ ಸಿಪ್ಪೆಯ ತುರಿ ಇನ್ನೂ ಸೊಗಸು. ಕೊಡಗಿನ ಕಿತ್ತಳೆಯ ರಸಕ್ಕೆ ಹುಳಿ ಸಾಲದು. 150 ಮಿಲಿಲೀಟರ್ ರಸವನ್ನು ಕುದಿಸಿ 70ಕ್ಕೆ ಇಳಿಸಿ, 30 ಮಿಲಿಲೀಟರ್ ನಿಂಬೆರಸ ಬೆರೆಸಿದರೆ ಅದೂ ಒಳ್ಳೆಯ ಕರ್ಡ್ ಆಗುತ್ತದೆ. ಮೋಸಂಬಿ ಬೇಡ, ಅದರ ರಸ ನಿಂತಷ್ಟು ಹೊತ್ತೂ ಕಹಿಯಾಗುತ್ತದೆ.

ತುರಿಯನ್ನು ಸಕ್ಕರೆಗೆ ಹಾಕಿ ಬೆರಳುಗಳಿಂದ ಉಜ್ಜಬೇಕು. ಒಂದೆರಡು ನಿಮಿಷದಲ್ಲಿ ಬಿಳಿ ಸಕ್ಕರೆ ತಿಳಿಹಳದಿಗೆ ತಿರುಗಿ, ಒದ್ದೆ ಮರಳಿನಂತೆ ಬೆರಳಿಗೆ ಹತ್ತಿಕೊಂಡು, ಅಡುಗೆಮನೆಯೆಲ್ಲ ನಿಂಬೆಯ ವಾಸನೆ ತುಂಬುತ್ತದೆ. ಪರಿಮಳವೆಲ್ಲ ಸಿಪ್ಪೆಯ ಎಣ್ಣೆಯಲ್ಲಿದೆ; ರಸ ಕೊಡುವುದು ಹುಳಿಯನ್ನು ಮಾತ್ರ. ಈ ಕೆಲಸವನ್ನು ನಾನು ಎಂದೂ ಬಿಡುವುದಿಲ್ಲ.

ಪಾತ್ರೆ ಸ್ಟೀಲಿನದ್ದೋ ಗಾಜಿನದ್ದೋ ಆಗಿರಬೇಕು. ಅಲ್ಯೂಮಿನಿಯಂ ಅಥವಾ ಕಬ್ಬಿಣದ ಪಾತ್ರೆಯಲ್ಲಿ ಹುಳಿ ಲೋಹದೊಂದಿಗೆ ವರ್ತಿಸಿ ಕರ್ಡ್‌ಗೆ ನಾಣ್ಯ ಚೀಪಿದಂಥ ರುಚಿ ಬರುತ್ತದೆ. ಇಡೀ ಮೊಟ್ಟೆ, ಹಳದಿ ಮತ್ತು ಸಕ್ಕರೆಯನ್ನು ಚೆನ್ನಾಗಿ ಕಲಕಿ, ರಸ ಸೇರಿಸಿ, ಕುದಿಯುವ ನೀರಿನ ಪಾತ್ರೆಯ ಮೇಲೆ ನೀರಿಗೆ ತಾಗದಂತೆ ಕೂರಿಸಿ, ಹಬೆಯ ಶಾಖದಲ್ಲಿ ತಿರುವುತ್ತಿರಬೇಕು. ಮೊದಲ ಐದು ನಿಮಿಷ ಏನೂ ಆಗುತ್ತಿಲ್ಲವೆನಿಸುತ್ತದೆ. ಆಮೇಲೆ ಮೇಲಿನ ನೊರೆ ಇಳಿದು, ಸೌಟು ಭಾರವಾಗಿ, ತಿರುವಿದ ಜಾಡು ಪಾತ್ರೆಯಲ್ಲಿ ಕ್ಷಣಕಾಲ ಉಳಿಯತೊಡಗುತ್ತದೆ. 78ರಿಂದ 80 ಡಿಗ್ರಿ ಮುಟ್ಟಿದಾಗ ಸೌಟಿನ ಬೆನ್ನಿಗೆ ಹತ್ತಿದ ಕರ್ಡ್‌ನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಆ ಗೆರೆ ಮುಚ್ಚಿಕೊಳ್ಳಬಾರದು. ಕಸ್ಟರ್ಡಿಗೆ ಕುದಿ ಬೇಕೇಬೇಕು, ಕರ್ಡ್‌ಗೆ ಕುದಿ ಕೂಡದು. ಇದರಲ್ಲಿ ಪಿಷ್ಟದ ರಕ್ಷಣೆ ಇಲ್ಲದ್ದರಿಂದ ಕುದಿದರೆ ಮೊಟ್ಟೆ ಒಡೆದು ಕಣಕಣವಾಗುತ್ತದೆ. ಕೂಡಲೇ ಇಳಿಸಿ ಜರಡಿಯಲ್ಲಿ ಸೋಸಿ, 60 ಡಿಗ್ರಿಗೆ ಇಳಿದಾಗ ಬೆಣ್ಣೆಯನ್ನು ತುಂಡು ತುಂಡಾಗಿ ಸೇರಿಸುತ್ತಾ ಕಲಕಬೇಕು. ಬಿಸಿ ಹೆಚ್ಚಿರುವಾಗಲೇ ಹಾಕಿದರೆ ಬೆಣ್ಣೆ ಕರಗಿ ಎಣ್ಣೆಯಾಗಿ ಮೇಲೆ ತೇಲಬಹುದು. ಹದ ಬಿಸಿಯಲ್ಲಿ ಹಾಕಿದರೆ ಕರ್ಡ್ ರೇಷ್ಮೆಯಂತೆ ನಯವಾಗಿ, ತಣಿದಾಗ ಗಟ್ಟಿಯಾಗಿ ನಿಲ್ಲುತ್ತದೆ.

ಉಗುರುಬೆಚ್ಚಗಿನ ಕರ್ಡನ್ನು ಪೂರ್ತಿ ತಣಿದ ಕವಚಕ್ಕೆ ಸುರಿದು, 160 ಡಿಗ್ರಿಯಲ್ಲಿ 8ರಿಂದ 10 ನಿಮಿಷ ಇಡಬೇಕು. ಟಿನ್ನನ್ನು ಮೆಲ್ಲಗೆ ಅಲುಗಿಸಿದಾಗ ಅಂಚು ನಿಂತು ನಡು ಗಿಣ್ಣಿನಂತೆ ನಡುಗಿದರೆ ಸಾಕು. ಮೇಲೆ ಬರುವ ಕಸ್ಟರ್ಡಿನ ಭಾರಕ್ಕೆ ಕರ್ಡ್ ಕುಸಿಯದಿರಲೆಂದು ಈ ಸಣ್ಣ ಬೇಯಿಸುವಿಕೆ. ಹೊರಗೆ ಒಂದು ಗಂಟೆ, ಫ್ರಿಜ್ಜಿನಲ್ಲಿ ಎರಡು ಗಂಟೆ ತಣಿಯಲು ಬಿಡಬೇಕು. ನಾನು ಮೊದಲ ಸಲ ಮಾಡಿದಾಗ, ನೆಂಟರು ಬಂದು ಕೂತಿದ್ದಾರೆಂಬ ಆತುರದಲ್ಲಿ ಬಿಸಿ ಕವಚಕ್ಕೆ ಬಿಸಿ ಕರ್ಡ್ ಸುರಿದು ಮೇಲಿಂದಲೇ ಕಸ್ಟರ್ಡನ್ನೂ ಹಾಕಿದ್ದೆ. ಕತ್ತರಿಸಿದಾಗ ತಳ ಚಾಕುವಿಗೆ ಅಂಟಿಕೊಂಡು ಮೇಲೆದ್ದು ಬಂತು. ಹಬೆಗೆ ಹೋಗಲು ಜಾಗವಿಲ್ಲದೆ ಅದು ಕವಚದೊಳಕ್ಕೇ ಇಳಿದಿತ್ತು.

ಮೊಟ್ಟೆ ತಿನ್ನದವರಿಗೆ

ನಮ್ಮಲ್ಲಿ ಮೊಟ್ಟೆ ಬಳಸದ ಮನೆಗಳು ಬಹಳ, ಅವರಿಗೂ ಈ ಟಾರ್ಟ್ ದೂರವೇನಲ್ಲ. ಕವಚಕ್ಕೆ ಹಳದಿಯ ಬದಲು ಎರಡು ಚಮಚ ತಣ್ಣನೆಯ ಹಾಲು ಸಾಕು. ಒಳಮೈಗೆ ಮೊಟ್ಟೆಯ ಬಿಳಿಯ ಬದಲು ಕರಗಿಸಿದ ಬಿಳಿ ಚಾಕೊಲೇಟನ್ನು ತೆಳುವಾಗಿ ಸವರಿದರೆ ನೀರು ತಡೆಯುವ ಕೆಲಸವನ್ನು ಅದು ಇನ್ನೂ ಚೆನ್ನಾಗಿ ಮಾಡುತ್ತದೆ. ಚಾಕೊಲೇಟ್ ಸವರಿದ ಕವಚವನ್ನು ಮತ್ತೆ ಓವನ್ನಿಗೆ ಇಡಬಾರದು. ಕಸ್ಟರ್ಡ್ ಪೌಡರ್ ಹುಟ್ಟಿದ್ದೇ ಮೊಟ್ಟೆ ಒಗ್ಗದವರಿಗಾಗಿ: 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಮೊಟ್ಟೆ ಒಗ್ಗದ ತನ್ನ ಹೆಂಡತಿಗೆಂದು ಅದನ್ನು ತಯಾರಿಸಿದ. 350 ಮಿಲಿಲೀಟರ್ ಹಾಲಿಗೆ 35 ಗ್ರಾಂ ಪೌಡರ್ ಹಾಕಿದರೆ ಟಾರ್ಟಿಗೆ ಬೇಕಾದ ಗಟ್ಟಿತನ ಬರುತ್ತದೆ. ಕರ್ಡ್‌ಗೆ 30 ಗ್ರಾಂ ಕಾರ್ನ್‌ಫ್ಲೋರನ್ನು 200 ಮಿಲಿಲೀಟರ್ ನೀರು, ತುರಿ ಉಜ್ಜಿದ 130 ಗ್ರಾಂ ಸಕ್ಕರೆ, ಬಣ್ಣಕ್ಕೆ ಚಿಟಿಕೆ ಅರಿಶಿನದೊಂದಿಗೆ ಕಲಸಿ, ಕುದಿಸಿ, ಪಾರದರ್ಶಕವಾದ ಮೇಲೆಯೇ ನಿಂಬೆರಸ ಮತ್ತು 60 ಗ್ರಾಂ ಬೆಣ್ಣೆ ಸೇರಿಸಬೇಕು. ರಸವನ್ನು ಮೊದಲೇ ಹಾಕಿ ಕುದಿಸಿದರೆ ಹುಳಿ ಪಿಷ್ಟವನ್ನು ಒಡೆದು ಕರ್ಡ್ ತೆಳ್ಳಗಾಗುತ್ತದೆ. ಈ ಕರ್ಡನ್ನು ಓವನ್ನಿಗೆ ಇಡುವ ಅಗತ್ಯವಿಲ್ಲ. ಚಾಕೊಲೇಟ್ ಗಟ್ಟಿಯಾದ ಕವಚಕ್ಕೆ ಉಗುರುಬೆಚ್ಚಗಿರುವಾಗಲೇ ಸುರಿದು ಫ್ರಿಜ್ಜಿನಲ್ಲಿ ತಣಿಸಿದರೆ ತಾನೇ ನಿಲ್ಲುತ್ತದೆ.

ಹಣ್ಣು ಮತ್ತು ಜೋಡಣೆ

ಹಣ್ಣಿನ ಆಯ್ಕೆಯಲ್ಲಿ ಬಣ್ಣಕ್ಕಿಂತ ನೀರನ್ನು ಮೊದಲು ನೋಡಬೇಕು. ಗಟ್ಟಿ ತಿರುಳಿನ ಬಾದಾಮಿ ಮಾವು, ಸೀಳಿದ ದ್ರಾಕ್ಷಿ, ಅಂಜೂರ, ಸ್ಟ್ರಾಬೆರಿ, ದಾಳಿಂಬೆಯ ಕಾಳು ಚೆನ್ನಾಗಿ ಹೊಂದುತ್ತವೆ. ಕಲ್ಲಂಗಡಿ, ಕರಬೂಜ ಬೇಡ. ಹಸಿ ಅನಾನಸ್, ಕಿವಿ ಮತ್ತು ಪರಂಗಿಹಣ್ಣುಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವಗಳಿರುವುದರಿಂದ ಹಾಲಿನ ಕಸ್ಟರ್ಡಿಗೆ ತಾಗಿ ಸ್ವಲ್ಪ ಹೊತ್ತಾದರೆ ಕಹಿ ಬರುತ್ತದೆ. ಅನಾನಸ್ಸನ್ನು ಸಕ್ಕರೆಯೊಂದಿಗೆ ಐದು ನಿಮಿಷ ಬೇಯಿಸಿ, ಪಾಕ ಬಸಿದು ಬಳಸಿದರೆ ತೊಂದರೆಯಿಲ್ಲ. ಬಾಳೆ, ಸೇಬು ಹಾಕುವುದಾದರೆ ಹೆಚ್ಚಿದ ಕೂಡಲೇ ನಿಂಬೆರಸ ಸವರಬೇಕು. ಯಾವ ಹಣ್ಣೇ ಇರಲಿ, ಹೆಚ್ಚಿದ ಮೇಲೆ ಒಣ ಬಟ್ಟೆಯ ಮೇಲೆ ಹತ್ತು ನಿಮಿಷ ಹರಡಿ ಮೇಲಿನ ತೇವ ಹೀರಿಸಿಕೊಳ್ಳಬೇಕು.

ಬಡಿಸುವುದಕ್ಕೆ ಒಂದೆರಡು ಗಂಟೆ ಮೊದಲು ಕಸ್ಟರ್ಡನ್ನು ಹೊರಗೆ ತೆಗೆದು, ಗಟ್ಟಿ ಮುದ್ದೆಯಂತಿರುವ ಅದನ್ನು ವಿಸ್ಕಿನಿಂದ ನಯವಾಗುವವರೆಗೆ ಕಲಕಿ, ಕರ್ಡ್‌ನ ಮೇಲೆ ಸಮವಾಗಿ ಹರಡಬೇಕು. ಮಿಕ್ಕಿದರೆ ತುಳುಕುವಂತೆ ತುಂಬದೆ ಬಟ್ಟಲಿನಲ್ಲಿ ತೆಗೆದಿಡಬೇಕು. ಹಣ್ಣನ್ನು ಹೊರ ಅಂಚಿನಿಂದ ಆರಂಭಿಸಿ ಒಂದರ ಮೇಲೊಂದು ತುಸು ಒರಗುವಂತೆ ವೃತ್ತವಾಗಿ ಜೋಡಿಸುತ್ತಾ ನಡುವಿಗೆ ಬರುವುದು ಸುಲಭ. ಎರಡು ಚಮಚ ಏಪ್ರಿಕಾಟ್ ಜಾಮನ್ನು ಒಂದು ಚಮಚ ನೀರಿನಲ್ಲಿ ಬಿಸಿ ಮಾಡಿ ಸೋಸಿ, ಬೆಚ್ಚಗಿರುವಾಗ ಹಣ್ಣಿನ ಮೇಲೆ ಸವರಿದರೆ ಹೊಳಪು ಬರುವುದಲ್ಲದೆ ಹಣ್ಣು ಒಣಗುವುದೂ ತಪ್ಪುತ್ತದೆ.

ಟಿನ್ನನ್ನು ಅಗಲ ಬಾಯಿಯ ಡಬ್ಬಿಯೊಂದರ ಮೇಲೆ ಕೂರಿಸಿದರೆ ಹೊರಬಳೆ ತಾನಾಗಿ ಕೆಳಗಿಳಿಯುತ್ತದೆ. ಬಿಸಿನೀರಿನಲ್ಲಿ ಅದ್ದಿ ಒರೆಸಿದ ಉದ್ದ ಚಾಕುವನ್ನು ಹಣ್ಣು, ಕಸ್ಟರ್ಡ್, ಕರ್ಡ್‌ನವರೆಗೆ ನಿಧಾನವಾಗಿ ಇಳಿಸಿ, ಕವಚ ತಾಗಿದಾಗ ಒಂದೇ ಸಲ ಗಟ್ಟಿಯಾಗಿ ಒತ್ತಬೇಕು. ಬೆಂದ ತಳವಾದರೆ ಕರಕ್ಕೆಂದು ಸದ್ದು ಕೇಳಿಸುತ್ತದೆ. ಮೊಟ್ಟೆ ಮತ್ತು ಹಾಲಿನ ಹೂರಣವಾದ್ದರಿಂದ ಟಾರ್ಟನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಬೇಸಿಗೆಯಲ್ಲಿ ಒಂದು ಗಂಟೆಯೇ ಹೆಚ್ಚು. ಉಳಿದದ್ದು ಫ್ರಿಜ್ಜಿನಲ್ಲಿ ಮರುದಿನದವರೆಗೆ ತಿನ್ನಲು ಯೋಗ್ಯವಾಗಿರುತ್ತದಾದರೂ ಗರಿಗರಿತನ ಇರುವುದಿಲ್ಲ. ಹೆಚ್ಚು ಜನರಿಗೆ ಎರಡು ದಿನ ಬಡಿಸಬೇಕಾದಾಗ ನಾನು ದೊಡ್ಡ ಟಾರ್ಟಿನ ಬದಲು ಇದೇ ಹಿಟ್ಟಿನಿಂದ ಸಣ್ಣ ಕವಚಗಳನ್ನು ಮಾಡಿ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಕರ್ಡ್ ಮತ್ತು ಕಸ್ಟರ್ಡನ್ನು ಫ್ರಿಜ್ಜಿನಲ್ಲಿ ಬೇರೆ ಬೇರೆಯಾಗಿಟ್ಟು, ಊಟವಾಗಿ ಎಲ್ಲರೂ ಕೈ ತೊಳೆದು ಬರುವಷ್ಟರಲ್ಲಿ ತುಂಬಿ ಕೊಡುತ್ತೇನೆ.